ಗೇಟಿನ ಹೊರಗಿನ ಪಿ.ಎ.

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಒಂಬತ್ತಕ್ಕೆ ಐದು ನಿಮಿಷ ಇರುವಾಗ ನನಗೆ ಫುಲ್‌ಸ್ಟಾಪ್ ನೆನಪಾಯಿತು.

ಅದು ಶ್ರೀಹರ್ಷನ ಕೆಲಸ. ನನ್ನ ನೌಕರಿ ಹೋದ ಮೇಲೆ ಮೂರು ತಿಂಗಳು, ಪ್ರತಿದಿನ ಶೂ ಹಾಕಿಕೊಳ್ಳುವ ಮುಂಚೆ ಜಾಬ್ ಪೋರ್ಟಲ್‌ನಲ್ಲಿ ನನ್ನ ರೆಸ್ಯೂಮೆ ತೆರೆದು, ಕೊನೆಯ ಸಾಲಿನ ಫುಲ್‌ಸ್ಟಾಪ್ ಅಳಿಸಿ ಸೇವ್ ಮಾಡುತ್ತಿದ್ದ. ಮರುದಿನ ಮತ್ತೆ ಇಡುತ್ತಿದ್ದ. ಹೀಗೆ ಮಾಡಿದರೆ ಇವತ್ತೇ ಅಪ್‌ಡೇಟ್ ಆಗಿದೆ ಎಂದು ತೋರಿಸಿ, ಹೆಸರು ಪಟ್ಟಿಯ ಮೇಲಕ್ಕೆ ಬರುತ್ತದಂತೆ. ಕೆಲಸ ಕಳೆದುಕೊಂಡವರೆಲ್ಲ ಮಾಡುವ ನಿತ್ಯಪೂಜೆ ಇದು.

“ಶೈಲೂ, ನಿನ್ನೆ ಇಟ್ಟಿದ್ನೇನು, ತಗದಿದ್ನೇನು?”

ನಾನು ಕೆನ್ನೆಗೆ ಕೈ ಕೊಟ್ಟು ಕೂತಿದ್ದರೆ ಕನ್ನಡಕದ ಮೇಲಿನಿಂದ ನೋಡುತ್ತಿದ್ದ. “ಹವ್ಯಾಸದಾಗ ಗಂಡನ್ನ ನೋಡಿಕೋತ ಕೂಡೂದು ಅಂತ ಹಾಕ್ಲೇನು?”

ನಾನು ಸ್ಕ್ರೀನ್ ನೋಡುತ್ತಿದ್ದೆ ಎಂದು ಸುಳ್ಳು ಹೇಳುತ್ತಿದ್ದೆ.

“ಸ್ಕ್ರೀನ್ ಇಲ್ಲೈತಿ. ನನ್ನ ಕಿವಿ ಮ್ಯಾಲಿಲ್ಲ.”

ಆ ಬೆಳಿಗ್ಗೆ ತೆರೆದು ನೋಡಿದೆ. ಫುಲ್‌ಸ್ಟಾಪ್ ಇತ್ತು. ತೆಗೆದೆ. ಸೇವ್ ಮಾಡಿದೆ.

ಆಸ್ಪತ್ರೆಯ ಯಂತ್ರಗಳಿಗೆ ಕೈಪಿಡಿ ಬರೆಯುವುದು ನನ್ನ ನೌಕರಿಯಾಗಿತ್ತು. ಎಂ.ಎಸ್ಸಿ. ಓದಿದ್ದು ಇದೇ ಊರಿನಲ್ಲಿ. ಶ್ರೀಹರ್ಷ ಸಿಕ್ಕಿದ್ದೂ ಅಲ್ಲೇ, ಲ್ಯಾಬ್‌ನಲ್ಲಿ. ಒಂದು ಗುರುವಾರ ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ ನಮ್ಮ ತಂಡದ ಒಂಬತ್ತು ಜನರನ್ನೂ ತೆಗೆದರು. ಇನ್ನು ಕೈಪಿಡಿಗಳನ್ನು ಎ.ಐ. ಮಷೀನೇ ಬರೆಯುತ್ತದೆ ಎಂದರು. ಶ್ರೀಹರ್ಷ ರಕ್ಷಣಾ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯವರ ಕಡೆಯ ಸೂಪರ್‌ವೈಸರ್. ಮೂವತ್ತೊಂದನೆಯ ವಯಸ್ಸಿಗೆ, ಶಿಫ್ಟ್‌ನಲ್ಲಿ ನಿಂತಲ್ಲೇ ಅವನ ಹೃದಯ ನಿಂತಿತು.

ತಿಂಗಳು ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಗಾಡಿ ತಂದು ರಾಯಚೂರಿಗೆ ಕರೆದುಕೊಂಡು ಹೋಗುತ್ತೇನೆಂದು ಅಣ್ಣ ಮೋಹನ ಹೇಳಿ ಹೋಗಿದ್ದ. ಅವನದು ಪ್ರೀತಿಯೇ. ಆದರೆ ಉಪ್ಪಲ್‌ನ ಈ ಎರಡು ಕೋಣೆಗಳನ್ನು ಬಿಟ್ಟರೆ ನಾವಿಬ್ಬರೂ ಬಾಳಿದ ಬೇರೆ ಜಾಗ ಭೂಮಿಯ ಮೇಲೆ ಇರಲಿಲ್ಲ.

ಹಾಗಾಗಿ ಅರ್ಜಿ ಹಾಕಿದೆ. ದಿನಕ್ಕೆ ಎಂಟು, ಹತ್ತು.

ರೆಸ್ಯೂಮೆ ಅಪ್‌ಲೋಡ್ ಮಾಡು ಎನ್ನುತ್ತಾರೆ. ಮಾಡಿದ ಮೇಲೆ ಅದರಲ್ಲಿರುವುದನ್ನೇ ಮತ್ತೆ ಇಪ್ಪತ್ತು ಡಬ್ಬಿಗಳಲ್ಲಿ ಟೈಪ್ ಮಾಡು ಎನ್ನುತ್ತಾರೆ. ಹೆಸರು, ಫೋನ್ ನಂಬರಿನ ಡಬ್ಬಿಗಳಷ್ಟೇ ತಾವಾಗಿ ತುಂಬಿಕೊಳ್ಳುತ್ತವೆ. ಒಂದು ಫಾರ್ಮ್‌ನಲ್ಲಿ ವೈವಾಹಿಕ ಸ್ಥಿತಿ ಕೇಳಿದರು. ನಾಲ್ಕು ಆಯ್ಕೆಗಳಿದ್ದವು. ಜೀವನದಲ್ಲಿ ಮೊದಲ ಸಲ ನಾಲ್ಕನೆಯದನ್ನು, ವಿಧವೆ ಎಂಬುದನ್ನು ಒತ್ತಿದೆ. ಪತಿಯ ಹೆಸರು ಕಡ್ಡಾಯ ಎಂದು ಕೆಂಪಕ್ಷರ ಬಂತು. ಹೆಸರು ಬರೆದೆ. ಪತಿಯ ಉದ್ಯೋಗ ಕಡ್ಡಾಯ ಎಂದು ಬಂತು. ಲ್ಯಾಪ್‌ಟಾಪ್ ಮುಚ್ಚಿ ಅಕ್ಕಿ ತೊಳೆದೆ.

ಇನ್ನೊಂದು ಕಂಪನಿ ಕ್ಯಾಮೆರಾದ ಮುಂದೆ ನನ್ನೊಬ್ಬಳನ್ನೇ ಕೂರಿಸಿ ಪ್ರಶ್ನೆಗಳನ್ನು ಪರದೆಯ ಮೇಲೆ ಬಿಟ್ಟಿತು. ಸ್ವಲ್ಪ ನಗಬೇಕೆಂದು ಪರದೆಯೇ ಎರಡು ಸಲ ಸೂಚಿಸಿತು.

ಯಾರೂ ಫೋನ್ ಮಾಡಲಿಲ್ಲ. ಇಪ್ಪತ್ತು ದಿನಗಳಲ್ಲಿ ಒಬ್ಬರೂ.

ಇಪ್ಪತ್ತೊಂದನೆಯ ದಿನ ಹಿಮಾಯತ್‌ನಗರದಲ್ಲಿ ಒಂದು ವಾಕ್-ಇನ್ ಸಂದರ್ಶನ ಇತ್ತು. ಮೆಟ್ಟಿಲಿನಿಂದ ರಸ್ತೆಯವರೆಗೆ ಸಾಲು. ಮೂರು ಗಂಟೆ ನಿಂತು ಮೇಜಿನ ಹತ್ತಿರ ಬಂದಾಗ ಅಲ್ಲಿ ಕೂತಿದ್ದ ಹುಡುಗಿ ನನ್ನ ರೆಸ್ಯೂಮೆ ನೋಡಿ, ನಿಮಗೆ ಮೂರು ಸಲ ಫೋನ್ ಮಾಡಿದ್ದೆವು, ಸ್ವಿಚ್ ಆಫ್ ಬಂತು, ಕೆಲಸ ಬೇಕಾದವರು ಫೋನ್ ಆನ್ ಇಟ್ಟುಕೊಳ್ಳಬೇಕಲ್ಲವೇ ಎಂದು ಬೇಸರದಿಂದ ಹಿಂದಿಯಲ್ಲಿ ಕೇಳಿದಳು. ನನ್ನ ಫೋನ್ ಕೈಯಲ್ಲೇ ಇತ್ತು, ಆನ್ ಆಗಿಯೇ ಇತ್ತು. ಅವಳು ನಂಬರ್ ಓದಿದಳು.

ಅದು ನನ್ನದಲ್ಲ. ಶ್ರೀಹರ್ಷನದು.

ಇಷ್ಟು ದಿನವೂ ನಾನು ಕೊನೆಯ ಸಾಲಿನ ಫುಲ್‌ಸ್ಟಾಪನ್ನೇ ನೋಡುತ್ತಿದ್ದೆ. ಮೇಲಿನ ಸಾಲು ನೋಡಿರಲಿಲ್ಲ. ಕೆಲಸ ಹೋದ ಹೊಸದರಲ್ಲಿ, ಕನ್ಸಲ್ಟೆನ್ಸಿಯವನೊಬ್ಬನ ಮೇಲೆ ಕೂಗಾಡಿ ಇನ್ನು ಯಾರ ಫೋನೂ ಎತ್ತುವುದಿಲ್ಲ ಎಂದು ಅತ್ತಿದ್ದೆ. ಆ ವಾರವೇ ಅವನು ನಂಬರ್ ಬದಲಾಯಿಸಿರಬೇಕು. ಆಮೇಲೆ, ಮಂಗಳವಾರ ಹನ್ನೊಂದಕ್ಕೆ ಇಂಟರ್‌ವ್ಯೂ ಐತಿ ನೋಡು ಎಂದಷ್ಟೇ ಹೇಳುತ್ತಿದ್ದ. ಮೇಲ್ ಬಂದಿರಬೇಕು ಎಂದುಕೊಳ್ಳುತ್ತಿದ್ದೆ.

ಮನೆಗೆ ಬಂದು ಆಸ್ಪತ್ರೆಯಿಂದ ತಂದ ಚೀಲ ಬಿಚ್ಚಿದೆ. ಅವನ ಫೋನ್ ಅಬಿಡ್ಸ್‌ನಲ್ಲಿ ರಿಪೇರಿಗೆ ಹೋಗಿ ತಿರುಗಿ ಬಂದಿರಲೇ ಇಲ್ಲ. ಚೀಲದಲ್ಲಿದ್ದದ್ದು ಕಾರ್ಖಾನೆಯ ಗೇಟ್ ಕಾಯುವ ದ್ಯಾವಪ್ಪನವರಿಂದ ಇಸಿದುಕೊಂಡು ಬಂದ ಹಳೆಯ ಸೆಟ್; ಆ ದಿನ ಗೇಟಿನವರೇ ಅದನ್ನು ಆಸ್ಪತ್ರೆಗೆ ಕಳಿಸಿಕೊಟ್ಟಿದ್ದರು. ಚಾರ್ಜಿಗೆ ಹಾಕಿದೆ. ಪರದೆಯ ಮೇಲೆ ಅವರ ಮೊಮ್ಮಗಳಿರಬೇಕು, ಎರಡು ಜಡೆ ಹಾಕಿಕೊಂಡು ನಿಂತಿದ್ದಳು.

ಆ ಫೋನ್ ತಾನಾಗಿಯೇ ಕರೆಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಇಪ್ಪತ್ಮೂರು ಇದ್ದವು. ಎಲ್ಲವೂ ಮಧ್ಯಾಹ್ನ ಒಂದರಿಂದ ಒಂದೂವರೆಯ ನಡುವಿನವು. ಆ ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನಲ್ಲಿ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಊಟದ ಹೊತ್ತಿಗೆ ಅವನು ಹೊರಗೆ ಬರುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ.

ಹನ್ನೆರಡನೆಯದು ಕಂಪನಿಗೆ ಜನ ಹುಡುಕುವ ಬೀದರಿನ ಹುಡುಗಿ, ಸುಹಾಸಿನಿಯದು. ಶೈಲಾ ಮೇಡಮ್ ಇದ್ದಾರೇನ್ರಿ ಎಂದು ಕೇಳಿದ್ದಳು.

“ಅವರ ಪಿ.ಎ. ಮಾತಾಡಾಕತ್ತೀನ್ರಿ.”

ಲಾರಿ ಹಾರ್ನ್‌ಗಳ ನಡುವೆ ಅವನ ದನಿ. ಗೋಡೆಗೆ ಒರಗಿ ಕೂತೆ.

ಮಷೀನ್ ಬರೆದ ಕೈಪಿಡಿಗಳನ್ನು ತಿದ್ದುವ ಕೆಲಸವಿದೆ, ಬೇಕಾದರೆ ಸೋಮವಾರವೇ ಸೇರಬಹುದು ಎಂದು ಅವಳು ಹೇಳಿದಳು.

“ಅದು ಬ್ಯಾಡ್ರಿ. ಆಕಿ ಬರಿಯಾಕಿ. ಇನ್ನೊಬ್ರ ಹೊಲಸು ಬಳಿಯಾಕಿ ಅಲ್ಲ.”

“ಮೇಡಮ್‌ರನ್ನ ಒಂದ್ಸಲ ಕೇಳ್ರಿ, ಸರ್.”

“ಕೇಳಿದ್ರ ಹೂಂ ಅಂತಾಳ್ರಿ. ಅದಕ್ಕ ಕೇಳಂಗಿಲ್ಲ.”

“ನಿನ್ನ ಯಾರು ಕೇಳಿದ್ರು?” ಎಂದೆ ನಾನು. ಖಾಲಿ ಕೋಣೆಯಲ್ಲಿ ನನ್ನ ದನಿ ಜೋರಾಗಿ ಕೇಳಿಸಿತು. ನಾನು ಹೂಂ ಅನ್ನುತ್ತಿದ್ದೆ. ಇಷ್ಟು ಹೊತ್ತಿಗೆ ಎರಡು ತಿಂಗಳ ನೌಕರಿ ಆಗಿರುತ್ತಿತ್ತು. ಈ ಸಾಲುಗಳು, ಈ ಕೆಂಪಕ್ಷರಗಳು ಇರುತ್ತಿರಲಿಲ್ಲ. ಸತ್ತವನ ಜೊತೆ ಅರ್ಧ ಗಂಟೆ ಜಗಳವಾಡಿದೆ. ಅವನು ಹೋದ ಮೇಲೆ ನನ್ನೊಳಗೆ ಬಿಸಿಯಾದದ್ದು ಅದೇ ಮೊದಲು. ಜಗಳದ ನಡುವೆ ಆ ಇಪ್ಪತ್ತು ಸೆಕೆಂಡುಗಳನ್ನು ಐದು ಸಲ ಕೇಳಿದೆ.

ಕಣ್ಣೊರೆಸಿಕೊಂಡು ಅದೇ ಫೋನಿನಿಂದ ಸುಹಾಸಿನಿಗೆ ಕರೆ ಮಾಡಿದೆ.

“ಏನ್ರಿ ಪಿ.ಎ. ಸಾಹೇಬ್ರ, ಎಲ್ಲಿ ಹೋಗಿದ್ರಿ ಇಷ್ಟ ದಿನ?”

ನಾನು ಶೈಲಾ ಎಂದೆ. ಉಳಿದದ್ದನ್ನು ಎರಡು ವಾಕ್ಯಗಳಲ್ಲಿ ಹೇಳಿದೆ. ತಮಾಷೆ ಮಾಡಿದ್ದಕ್ಕೆ ಅವಳು ಎರಡು ಸಲ ಕ್ಷಮೆ ಕೇಳಿದಳು.

ಬೇರೆ ಯಾವ ಕೆಲಸವೂ ತನ್ನ ಹತ್ತಿರ ಇಲ್ಲ ಎಂದಳು ಕೊನೆಗೆ. ತಿದ್ದುವುದಕ್ಕೆ ಸೇರಿದ್ದ ಇಬ್ಬರು ಬಿಟ್ಟುಹೋಗಿದ್ದಾರೆ, ಅದೇ ಜಾಗ ಖಾಲಿ. “ಅವರು ಒಲ್ಲೆ ಅಂದಿದ್ರು, ಮೇಡಮ್.”

“ಗೊತ್ತೈತ್ರಿ. ನಾ ಹೂಂ ಅನ್ನಾಕತ್ತೀನಿ.”

ಮರುದಿನ ಪರೀಕ್ಷೆ ಕೊಟ್ಟರು. ಕೃತಕ ಉಸಿರಾಟದ ಯಂತ್ರವೊಂದರ ಬಗ್ಗೆ ಮಷೀನ್ ಬರೆದ ನಾಲ್ಕು ಪುಟ. ಅಲಾರಂ ಬಾರಿಸಿದರೆ ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ ಎಂದಿತ್ತು. ಹಾಗೆ ಮಾಡಿದರೆ ಅದಕ್ಕೆ ಜೋಡಿಸಿದ ಮನುಷ್ಯ ಸಾಯುತ್ತಾನೆ ಎಂದು ಅಂಚಿನಲ್ಲಿ ಬರೆದೆ. ಶುಕ್ರವಾರ ಆಫರ್ ಲೆಟರ್ ಬಂತು. ಗಾಡಿ ತರುವುದು ಬೇಡ ಎಂದು ಮೋಹನನಿಗೆ ಹೇಳಿದೆ. ಅವನು, ಹಾಗಾದರೆ ಉಪ್ಪಿನಕಾಯಿ ಕಳಿಸುತ್ತೇನೆ ಎಂದ.

ಶನಿವಾರ ಸಿಮ್ ತೆಗೆದೆ. ಸುಹಾಸಿನಿಯ ಜೊತೆಗಿನ ಮಾತುಕತೆಯನ್ನು ನನ್ನ ಫೋನಿಗೆ ಕಳಿಸಿಕೊಂಡು, ಇಪ್ಪತ್ಮೂರನ್ನೂ ಅಳಿಸಿದೆ. ಒಂದು ಗಂಟೆಗೆ ಕಾರ್ಖಾನೆಯ ಗೇಟಿನ ಹತ್ತಿರ ಇಳಿದೆ.

ದ್ಯಾವಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಯಾದಗಿರಿ ಕಡೆಯವರು, ಅರವತ್ತರ ಹತ್ತಿರ. ಫೋನ್ ನೋಡಿ, ಇಟ್ಟುಕೊಳ್ಳಿ ಅಕ್ಕಾರ, ನನಗೆ ಬೇರೆ ಇದೆ ಎಂದರು. ಕಡ ತಂದದ್ದು, ಇಟ್ಟುಕೊಳ್ಳಬಾರದು ಎಂದೆ.

ಅವರು ಎದುರಿನ ಬೇವಿನ ಮರದ ಕಡೆ ಕೈ ತೋರಿಸಿದರು. ಸಾಹೇಬರು ಡಬ್ಬಿ ಬಿಚ್ಚದೆ ಅಲ್ಲಿ ಅಡ್ಡಾಡುತ್ತ ಮಾತಾಡುತ್ತಿದ್ದರಂತೆ.

“ಯಾರಿಗ್ರಿ ದಿನಾ ಇಷ್ಟ ಫೋನು ಅಂತ ಒಮ್ಮೆ ಕೇಳಿದ್ದೆ. ಮನ್ಯಾಗ ಬೆಳದ ಹುಡುಗಿ ಅದಾಳ, ಗಂಡು ನೋಡಾಕತ್ತೀನಿ, ಒಂದೂ ಪಸಂದ್ ಆಗವಲ್ದು ಅಂದ್ರು. ನಾ ಖರೇನ ಮಗಳು ಅಂತ ತಿಳಕೊಂಡಿದ್ದೆ. ಇಷ್ಟ ಸಣ್ಣ ವಯಸ್ಸಿನ್ಯಾಗ ಅಷ್ಟ ದೊಡ್ಡ ಮಗಳು ಹ್ಯಾಂಗ ಅಂತ ಭಾಳ ದಿನಾ ಲೆಕ್ಕಾ ಹಾಕಿದೆ.”

ಹೇಳಿದ ಮೇಲೆ, ಹೇಳಬಾರದಿತ್ತೇನೋ ಎಂಬಂತೆ ತಲೆ ತಗ್ಗಿಸಿದರು.

“ಗಂಡು ಸಿಕ್ತ್ರಿ,” ಎಂದೆ.

ಅವರು ನನ್ನ ಮುಖ ನೋಡಿದರು.

“ಅವರು ಒಲ್ಲೆ ಅಂದು ಕಳಿಸಿದ್ರಲ್ಲ, ಅದ. ಸೋಮವಾರ ನಾ ಕೆಲಸಕ್ಕ ಹೋಗಾಕಿ.”

ಫೋನನ್ನು ಅವರ ಕೈಯಲ್ಲಿಟ್ಟೆ. ದ್ಯಾವಪ್ಪನವರು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅಂಗಿಯ ಜೇಬಿಗೆ ಇಳಿಸಿ, ಗುಂಡಿ ಹಾಕಿಕೊಂಡರು.