ಪ್ಲಸ್ಸು ಒರ್ಗೆ

1996ನೇ ಇಸವಿ ಜುಲೈ 17, ಬುಧವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಎದುರಿನ ರೇಡಿಯೋ ರಿಪೇರಿ ಅಂಗಡಿಯ ಮೆಟ್ಟಿಲನ್ನು ಸುಮೇಧಾ ಹತ್ತಿದಳು. ಕಂಕುಳಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಕೀಬೋರ್ಡು. ಬಾಯಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಜಗಳ.

"ನೀವು ಹೇಳಿದ ಹಾಗೇ ಸಿಕ್ಕಿಸಿದೆ. ಸತ್ತೇಹೋಯ್ತು."

ರಘುನಂದನ್ ಸೋಲ್ಡರಿಂಗ್ ಐರನ್ ಬದಿಗಿಟ್ಟು ಎದ್ದು ನಿಂತ. ಬೇರೆ ಯಾವ ಗಿರಾಕಿ ಬಂದರೂ ಅವನು ಏಳುತ್ತಿರಲಿಲ್ಲ. ಇದನ್ನು ಸುಮೇಧಾ ಮೂರು ತಿಂಗಳ ಹಿಂದೆಯೇ ಗಮನಿಸಿದ್ದಳು. ಆಮೇಲೆ ಏನೂ ಕೆಡದ ತನ್ನ ಶ್ರುತಿಪೆಟ್ಟಿಗೆಯನ್ನು ಎರಡು ಸಲ ರಿಪೇರಿಗೆ ತಂದಿದ್ದಳು.

ಈ ಸಲ ಮಾತ್ರ ನಿಜವಾಗಿಯೇ ಕೆಟ್ಟಿತ್ತು. ಕೀಬೋರ್ಡು ಬಾಬುರಾಯನಕೊಪ್ಪಲಿನ ಹೈಸ್ಕೂಲಿನದು. ಅಲ್ಲಿ ಅವಳು ವಿಜ್ಞಾನದ ಟೀಚರು, ಜೊತೆಗೆ ಹಾಡು ಕಲಿಸುತ್ತಿದ್ದಳು. ಶನಿವಾರ ಮಂಡ್ಯದಲ್ಲಿ ಸ್ಪರ್ಧೆ. ಹದಿನಾರು ಹುಡುಗಿಯರು ಹಾಡಬೇಕು. "ಇದು ಕೆಟ್ಟರೆ ಹಾಡೂ ಬಂದ್," ಎಂದು ಹೆಡ್‌ಮಿಸ್ ಪಾರ್ವತಮ್ಮ ಮೊದಲೇ ಹೇಳಿದ್ದರು.

ಹಳೆಯ ಅಡಾಪ್ಟರು ಹೋದ ವಾರ ಸುಟ್ಟಿತ್ತು. ರಘು ಹೊಸದು ಕೊಟ್ಟು, "ವೋಲ್ಟು ಒಂಬತ್ತೇ ಇರ್ಬೇಕು ಮೇಡಂ. ಆಂಪಿಯರ್ ಜಾಸ್ತಿ ಇದ್ರೆ ಪರ್ವಾಗಿಲ್ಲ, ಕಮ್ಮಿ ಇರ್ಬಾರ್ದು," ಎಂದಿದ್ದ. ಅದರ ಪಿನ್ನನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದಿತ್ತು; ತಿರುಗಿಸಿದರೆ ಪ್ಲಸ್ಸು ಮೈನಸ್ಸು ಅದಲುಬದಲಾಗುತ್ತಿತ್ತು. ಪ್ಲಸ್ಸು ಪಿನ್ನಿನ ಒಳಗೋ ಹೊರಗೋ ಎಂದು ತೋರಿಸುವ ಚಿತ್ರ ಕೀಬೋರ್ಡಿನ ಬೆನ್ನಿನ ಮೇಲಿತ್ತು. ಆದರೆ ಅದರ ಮೇಲೆಯೇ ಯಾರೋ ಸ್ಕೂಲಿನ ಸ್ಟಾಕ್ ನಂಬರನ್ನು ದಪ್ಪ ಪೇಂಟಿನಲ್ಲಿ ಬರೆದಿದ್ದರು. ರಘು ಮೈಸೂರಿನಲ್ಲಿ ವಿಚಾರಿಸಿ, ಮಂಗಳವಾರ ಸ್ಕೂಲಿಗೆ ಫೋನ್ ಮಾಡಿ ತಿಳಿಸಿದ್ದ.

"ನಾನ್ ಒರ್ಗೆ ಅಂದೆ ಮೇಡಂ."

"ಹೌದು, ಒಳಗೆ ಅಂದಿರಿ."

"ಅದೇ, ಒರ್ಗೆ."

"ಅದೇ, ಒಳಗೆ!"

ಪಕ್ಕದ ಟೀ ಅಂಗಡಿಯ ಚೌಡಯ್ಯ ಇಣುಕಿದ. "ಏನ್ಲಾ ರಘು, ರಿಪೇರಿ ಪೆಟ್ಗೆಗೋ ನಿಂಗೋ?"

ಮೊದಲು ಹೊಳೆದದ್ದು ಸುಮೇಧಾಳಿಗೆ. ಬೆಳಗೊಳದಲ್ಲಿ ಹುಟ್ಟಿ ಬೆಳೆದ ರಘುವಿನ ನಾಲಿಗೆ ಹಕಾರವನ್ನು ನುಂಗಿತ್ತು, ಸ್ಕೂಲಿನ ಗೊರಗೊರ ಫೋನು ಉಳಿದದ್ದನ್ನು ಕೆಡಿಸಿತ್ತು.

"ನೀವು ಹೇಳಿದ್ದು... ಹೊರಗೆ?"

"ಊಂ. ಒರ್ಗೆ."

ಬೈಯಲು ಬಂದವಳಿಗೆ ನಗು ತಡೆಯಲಾಗಲಿಲ್ಲ. ರಘು ನಗಲಿಲ್ಲ. "ತಪ್ಪು ನಂದೇ. ಬರ್ದು ಕಳಿಸ್ಬೇಕಾಗಿತ್ತು," ಎಂದ.

"ನಂದೂ ಇದೆ. ಲ್ಯಾಬಿನಲ್ಲಿ ಮೀಟರ್ ಇಟ್ಕೊಂಡು ಅಳೆಯದೆ ಸಿಕ್ಕಿಸಿದೆ. ಮಕ್ಕಳಿಗೆ ಮಾತ್ರ ಅಳತೆ ಪಾಠ."

ಅವನು ಕೀಬೋರ್ಡನ್ನು ಬಿಚ್ಚಿ, ಅಕ್ಕಿಕಾಳಿನಷ್ಟು ಸಣ್ಣ ಕಪ್ಪು ಡಯೋಡನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದ. "ಇವ್ನು ಕಾವಲುಗಾರ. ಕರೆಂಟು ಉಲ್ಟಾ ಬಂದ್ರೆ ತಾನ್ ಸತ್ತು ಮಿಕ್ಕೋರ್ನ ಉಳಿಸ್ತಾನೆ." ಅವಳು ನೋಡಲು ಬಗ್ಗಿದಳು. ತಲೆ ಎತ್ತಿದರೆ ಅವನು ಡಯೋಡನ್ನು ನೋಡುತ್ತಲೇ ಇರಲಿಲ್ಲ.

ಬೇರೆ ಡಯೋಡು ಹಾಕಿ, ಅಂಗಡಿಯ ಪವರ್ ಸಪ್ಲೈಗೆ ಜೋಡಿಸಿ ಒತ್ತಿದಾಗ ಸ್ವರ ಹೊರಟಿತು. ಉಲ್ಟಾ ಸಿಕ್ಕಿಸಿದ್ದ ಹೊಸ ಅಡಾಪ್ಟರು ಮಾತ್ರ ಸುಟ್ಟುಹೋಗಿತ್ತು. "ಒಂದು ನಾನೇ ಕಟ್ತೀನಿ. ತಿರುಗ್ಸೋ ಪಿನ್ನೇ ಬ್ಯಾಡ. ಶುಕ್ರವಾರ ಮನೆಗೆ ತಂದ್ಕೊಡ್ತೀನಿ."

ಶುಕ್ರವಾರ ಸಂಜೆ ಆರಕ್ಕೆ ಅವನು ದೇವಸ್ಥಾನದ ಬೀದಿಗೆ ಬಂದ. ಸುಮೇಧಾಳ ತಂದೆ ಅರ್ಚಕ ಶಾಮಣ್ಣನವರು ಸಂಜೆಯ ಪೂಜೆಗೆ ಹೋಗಿದ್ದರು. ತಾಯಿ ಇಂದಿರಮ್ಮ ಅಡುಗೆಮನೆಯಲ್ಲಿದ್ದರು. ರಘು ಹೊಸ್ತಿಲಿನಾಚೆಯೇ ನಿಂತ.

"ಒಳಗೆ ಬನ್ನಿ."

"ಒಳ್ಗಾ... ಹ... ಹೊರ್ಗಾ?" ಅವನ ಕಿವಿ ಕೆಂಪಾದವು.

"ಅಯ್ಯೋ, ಇದೇನಿದು?"

"ಎರಡ್ ದಿನದಿಂದ ಪ್ರಾಕ್ಟೀಸ್ ಮಾಡ್ತಿವ್ನಿ ಮೇಡಂ. ಅಂಗಡೀಲಿ ಎಲ್ಲಾ ನಗ್ತಾವ್ರೆ. ಚೌಡಯ್ಯ ಟೀ ಕೊಡುವಾಗ 'ಹಾಲು ಹಾಕ್ಲಾ' ಅಂತ ಅಣಕಿಸ್ತಾನೆ."

"ಯಾಕೆ ಈ ಕಷ್ಟ?"

"ಇನ್ನೊಂದ್ ಮಾತದೆ. ಅದೂ ತಪ್ಪಾಗಿ ಕೇಳಿಸ್ಬುಟ್ರೆ ನಾನ್ ಕೆಟ್ಟೆ."

"ಹೇಳಿ."

"ನಿಮ್ಮನ್ನ ಮದ್ವೆ ಆಗೋ ಆಸೆ ನಂಗೆ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವನು ಹೇಳಿದ ಮಾತಿನಲ್ಲಿ ಒಂದು ಹಕಾರವೂ ಇರಲಿಲ್ಲ. ಎರಡು ದಿನದ ಅಭ್ಯಾಸ ದಂಡವಾಯಿತಲ್ಲ ಎಂದು ಸುಮೇಧಾಳಿಗೆ ಅನ್ನಿಸಿತು. ಆದರೆ ಪ್ರತಿ ಅಕ್ಷರವೂ ಸರಿಯಾಗಿ ಕೇಳಿಸಿತ್ತು.

"ಅಪ್ಪ ಸುಲಭಕ್ಕೆ ಒಪ್ಪೋರಲ್ಲ," ಎಂದಳು.

"ನಮ್ಮವ್ವನೂ ಅಷ್ಟೇಯ."

"ಆಷಾಢ ಕಳೀಲಿ. ಕೇಳೋದು ನೀವು, ಬೈಸ್ಕೊಳ್ಳೋದು ನಾನು. ಈಗ ಮೊದಲು ಒಳಗೆ ಬನ್ನಿ. ಒಳಗೇ."

ಅವನು ಹೊಸ್ತಿಲು ದಾಟಿದ. ಅಡಾಪ್ಟರನ್ನು ಗೋಡೆಗೆ ಸಿಕ್ಕಿಸಿ ಪಿನ್ನನ್ನು ಅವಳ ಕೈಗೆ ಕೊಟ್ಟ. ಅವಳು ಲ್ಯಾಬಿನಿಂದ ತಂದಿದ್ದ ಮೀಟರನ್ನು ತೆಗೆದಳು.

"ನನ್ ಮೇಲೆ ನಂಬ್ಕೆ ಇಲ್ವಾ?"

"ನಿಮ್ಮ ಮೇಲಿದೆ. ನನ್ನ ಕಿವಿ ಮೇಲಿಲ್ಲ."

"ಮೀಟರ್ ಕೆಂಪು ಕಡ್ಡಿ ಪಿನ್ನಿನ ಒಳಕ್ಕಿಡಿ, ಕಪ್ಪು ಹೊರಕ್ಕೆ," ಎಂದ ಅವನು, ಹಕಾರವನ್ನು ಜೋಪಾನವಾಗಿ ಎತ್ತಿಟ್ಟಂತೆ. "ಪ್ಲಸ್ಸು ಹೊರಗಿದ್ರೆ ಮೈನಸ್ ಅಂತ ತೋರಿಸ್ಬೇಕು. ಅದೇ ಸರಿ."

ಅವಳು ಇಟ್ಟಳು. ಇಬ್ಬರೂ ಮೀಟರಿನ ಮೇಲೆ ಬಗ್ಗಿದರು. ಮೈನಸ್ 9.02 ವೋಲ್ಟ್.