ನೂರಕ್ಕೆ ಇಪ್ಪತ್ತು

"ನೂರಕ್ಕೆ ಇಪ್ಪತ್ತಾ?"

ಹೊಲಿಗೆ ಟೀಚರ್ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಅದಕ್ಕಿಂತ ಕಡಿಮೆ ಬರೋಕೆ ಸಾಧ್ಯವೇ ಇಲ್ಲ," ಎಂದ ಅವನು, ಅಪರಾಧಿಯ ಹಾಗೆ. "ಇಪ್ಪತ್ತು ಪ್ರಶ್ನೆ, ಒಂದಕ್ಕೆ ಕನಿಷ್ಠ ಒಂದು ಅಂಕ."

ಸಂಜೆ ಕಾಲೇಜಿನ ಒಂದೊಂದು ಕೋರ್ಸಿನಲ್ಲೂ 'ಇವರೆಲ್ಲ ನಮ್ಮವರು' ಎಂಬ ಭಾವ ವಿದ್ಯಾರ್ಥಿಗಳಿಗೆ ಎಷ್ಟಿದೆ ಎಂದು ಪ್ರಶ್ನೆಹಾಳೆ ತುಂಬಿಸಿ ಅಳೆಯುವುದು ಅವನ ಕೆಲಸ. ತರಗತಿಯವರು ಅವನಿಗೆ ಅಳತೆ ಸಾಹೇಬರೆಂದೇ ಹೆಸರಿಟ್ಟಿದ್ದರು. ಆರು ವಾರಗಳಿಂದ ಪ್ರತಿ ಬುಧವಾರ ಬಂದು ಸುಮ್ಮನೆ ಕೂತು ನೋಡುತ್ತಿದ್ದ. ಬುಧವಾರ ಮಾತ್ರ ಟೀಚರ್ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುವುದು ಅವಳ ಅತ್ತಿಗೆಯ ಕಣ್ಣಿಗೆ ಬಿದ್ದಿತ್ತು.

"ಕಡಿಮೆ ಬಂದ ಕೋರ್ಸನ್ನ ಮುಚ್ಚುತ್ತಾರೆ. ಕಚೇರಿಗೆ ಕೊಡೋ ಮುಂಚೆ ನಿಮಗೆ ಹೇಳಬೇಕು ಅನ್ನಿಸ್ತು."

ಒಬ್ಬರ ಸೂಜಿಗೆ ಇನ್ನೊಬ್ಬರು ದಾರ ಪೋಣಿಸಿಕೊಡುವ ಈ ಜನ 'ಇಲ್ಲಿ ನಾನು ಒಂಟಿ' ಎಂದು ಬರೆದರೇ? ಹನ್ನೊಂದು ವರ್ಷ ನಾನು ಕಲಿಸಿದ್ದಾದರೂ ಏನು...

"ಆರು ವಾರ ಕೂತು ನಿಮಗೆ ಕಂಡಿದ್ದು ಇಷ್ಟೇನಾ?" ಅವಳು ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡಳು. "ಇನ್ನು ಈ ಕಡೆ ಬರಬೇಡಿ."

ಅವನು ತಲೆ ತಗ್ಗಿಸಿ ಹೊರಟುಹೋದ. ಅಂದು ಅವಳು ಒಂದೇ ರವಿಕೆಗೆ ಎರಡೂ ಎಡಗೈ ತೋಳು ಹೊಲಿದಿಟ್ಟಳು.

ಮೂರನೆಯ ದಿನ, ತರಗತಿ ನಡೆಯುತ್ತಿರುವಾಗಲೇ, ಅವನು ಮತ್ತೆ ಬಾಗಿಲಲ್ಲಿದ್ದ.

"ಬರಬೇಡಿ ಅಂದಿದ್ದೆ."

"ಗೊತ್ತು. ಬೈಯೋದಿದ್ರೆ ಆಮೇಲೆ ಬೈಯಿರಿ."

ಹದಿನಾಲ್ಕು ವಿದ್ಯಾರ್ಥಿಗಳ ಹಾಳೆಗಳನ್ನೂ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದ. "ನೋಡಿ, ಹದಿನಾಲ್ಕರಲ್ಲೂ ಒಂದೇ ಉತ್ತರ. ಹತ್ತನೇ ಪ್ರಶ್ನೇಲಿ ಎಲ್ಲರೂ ಮೊದಲು ಬೇರೆ ಒಂದೇ ಅಂಕಕ್ಕೆ ಗುರುತು ಹಾಕಿ, ಎಲ್ಲರೂ ಅದನ್ನ ಹೊಡೆದು ತಿದ್ದಿದ್ದಾರೆ. ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗದವರು ಇಷ್ಟು ಒಗ್ಗಟ್ಟಾಗಿ ಹೇಗೆ ಬರೀತಾರೆ?"

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ನಿವೃತ್ತ ಬಸ್ ಕಂಡಕ್ಟರ್ ಕೆಮ್ಮಿದರು.

"ಬಾಯಿಬಿಡಿ ಕಂಡಕ್ಟ್ರೇ, ಉಪಾಯ ನಿಮ್ದೇ ಅಲ್ವಾ?" ಎಂದರು ತರಗತಿಗೆಲ್ಲ ಹಿರಿಯರಾದ ದೊಡ್ಡಮ್ಮ.

"ಉತ್ತರ ಓದಿ ಬರೆಸಿದ್ದು ಯಾರು? ನೀವು ತಾನೆ?" ಎಂದು ದೊಡ್ಡಮ್ಮನಿಗೆ ಅಂದು, ಕಂಡಕ್ಟರ್ ಟೀಚರ್ ಕಡೆ ತಿರುಗಿದರು. "ಅಂಕ ಚೆನ್ನಾಗಿ ಬಂದ್ರೆ ನಿಮ್ಮನ್ನ ಹೊಸ ಶಾಖೆಗೆ ಕಳಿಸ್ತಾರೆ ಅಂತ ಯಾರೋ ಅಂದ್ರು. ಅದಕ್ಕೇ ಎಲ್ಲಾ ಸೇರಿ..."

ಟೀಚರ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಹೊಸ ಶಾಖೆ ಅನ್ನೋದೇ ಇಲ್ಲ! ನನ್ನ ಉಳಿಸ್ಕೊಳ್ಳೋಕೆ ಕೋರ್ಸನ್ನೇ ಮುಳುಗಿಸ್ತಿದ್ರಲ್ರೀ!"

ಅಳತೆ ಸಾಹೇಬರು ಎಲ್ಲರನ್ನೂ ದೂರ ದೂರ ಕೂರಿಸಿ ಹೊಸ ಹಾಳೆ ಹಂಚಿದರು. ದೊಡ್ಡಮ್ಮನಿಗೆ ಪಕ್ಕದವಳ ಕನ್ನಡಕ ಬೇಕಾಯಿತು. ಅದಕ್ಕೆ ಒಪ್ಪಿಗೆ ಸಿಕ್ಕಿತು. ಈ ಸಲ ಬಂದದ್ದು ತೊಂಬತ್ತಾರು.

ಕೋರ್ಸು ಉಳಿಯಿತು ಎಂದು ಗೊತ್ತಾದದ್ದೇ ತಡ, ಹದಿನಾಲ್ಕು ಜನಕ್ಕೂ ಒಮ್ಮೆಲೇ ಮನೆಯಲ್ಲಿ ಕೆಲಸ ನೆನಪಾಯಿತು. ಕೋಣೆಯಲ್ಲಿ ಇಬ್ಬರೇ ಉಳಿದರು.

"ನಿಮಗೆ ಹಾಗೆ ಅನ್ನಬಾರದಿತ್ತು," ಎಂದಳು ಅವಳು. "ಆದ್ರೂ ಒಂದೊಂದೇ ಹಾಳೆ ತೆಗೆದು ಯಾಕೆ ನೋಡಿದ್ರಿ?"

"ಬರಬೇಡಿ ಅಂದ್ರಲ್ಲ... ಬರೋಕೊಂದು ಕಾರಣ ಬೇಕಿತ್ತು. ಎರಡು ದಿನ ಹುಡುಕಿದೆ."

ಅವಳು ಅಳತೆ ಟೇಪನ್ನು ಸುತ್ತಿದಳು, ಬಿಚ್ಚಿದಳು.

"ಕೆಲಸ ಮುಗೀತಲ್ಲ. ಇನ್ನು ಬರೋಕೆ ಏನು ಕಾರಣ?"

"ಏನೂ ಇಲ್ಲ. ನೀವು ಇಷ್ಟ ಅನ್ನೋದೊಂದೇ. ಅಷ್ಟು ಸಾಕಾ?"

"ನನಗೆ ಸಾಕು. ನಾಳೆ ಮನೆಗೆ ಬಂದು ಅಣ್ಣನ ಹತ್ತಿರಾನೂ ಹೀಗೇ ಹೇಳಿ."

"ಅವರು ಬೇಡ ಅಂದ್ರೆ?"

"ನಾನು ಬೇಕು ಅಂದೆನಲ್ಲ," ಎಂದಳು ಅವಳು, ಕತ್ತೆತ್ತಿ ಅವನನ್ನೇ ನೋಡುತ್ತಾ.