ಚರ್ಚ್ ಶಾಲೆಯ ಉಣುಗೋಲು

1998ರ ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಚರ್ಚ್ ಶಾಲೆಯ ಮುಖ್ಯೋಪಾಧ್ಯಾಯಿನಿ ಪ್ರೇಮಕುಮಾರಿ ಠಾಣೆಗೆ ಬಂದು ದೂರು ಕೊಟ್ಟರು. ಭಾನುವಾರದ ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಯಾರೋ ಶಾಲೆಯ ಹಿಂದಿನ ಕಾಂಪೌಂಡ್ ಗೋಡೆ ಕೆಡವಿದ್ದರು. ಸಬ್‌ಇನ್‌ಸ್ಪೆಕ್ಟರ್ ಬಸವರಾಜಪ್ಪ ಎಫ್‌ಐಆರ್ ಬರೆಸಿದರು: ಅತಿಕ್ರಮ ಪ್ರವೇಶ, ಆಸ್ತಿಗೆ ನಷ್ಟ, ಆರೋಪಿ ಅಪರಿಚಿತ. ಗೋಡೆಯಾಚೆಯ ಓಣಿಯಲ್ಲೇ ನಾಗೇಶನ ವೈನ್ ಶಾಪ್ ಇದೆ ಎಂದು ಕೇಳಿದ ಕೂಡಲೇ ಕೇಸು ಮುಗಿದಂತೆಯೇ ಎಂದುಕೊಂಡರು. ಲೋಕಕ್ಕೊಂದು ದಾರಿಯಾದರೆ ಪೋಕನಿಗೊಂದು ದಾರಿ. ನಾಲ್ಕು ಕುಡುಕರನ್ನು ಹಿಡಿದು ತಂದು ಗದರಿಸಿದರೆ ಒಬ್ಬನಾದರೂ ಬಾಯಿ ಬಿಟ್ಟಾನು.

ಸ್ಥಳ ನೋಡಿದ ಮೇಲೆ ಆ ಧೈರ್ಯ ಉಳಿಯಲಿಲ್ಲ. ಒಬ್ಬ ಆಳು ದಾಟುವಷ್ಟು ಅಗಲಕ್ಕೆ ಗೋಡೆ ಬಿಚ್ಚಿ, ಕಲ್ಲುಗಳನ್ನು ಒಪ್ಪವಾಗಿ ಪಕ್ಕದಲ್ಲಿ ಪೇರಿಸಿದ್ದರು. ಎರಡೂ ಬದಿಗೆ ತೂತು ಕೊರೆದ ಕಂಬ ನೆಟ್ಟು, ಅಡ್ಡಕ್ಕೆ ಮೂರು ಗಳ ತೂರಿಸಿದ್ದರು.

"ಇದೇನ್ರೀ ದಾಸಯ್ಯ?"

"ಉಣುಗೋಲು ಸಾರ್," ಎಂದರು ಹೆಡ್ ಕಾನ್‌ಸ್ಟೆಬಲ್ ದಾಸಯ್ಯ. "ನಮ್ಮ ಕಡೆ ತೋಟ, ಗದ್ದೆಗೆಲ್ಲ ಇದೇ ಬಾಗಿಲು. ಗಳ ಸರಿಸಿ ದಾಟೋದು, ದಾಟಿದ ಮೇಲೆ ಮತ್ತೆ ಹಾಕೋದು. ಇಲ್ದಿದ್ರೆ ದನ ನುಗ್ತವೆ."

ಬಯಲುಸೀಮೆಯಿಂದ ಬಂದ ಬಸವರಾಜಪ್ಪ ಉಣುಗೋಲು ಕಂಡದ್ದು ಅದೇ ಮೊದಲು. ಆದರೂ ಒಂದು ಮಾತು ಅವರಿಗೆ ಹೊಳೆಯಿತು. ಕುಡುಕ ಗೋಡೆ ಒಡೆದಾನು, ಬಾಗಿಲು ಇಡುತ್ತಾನೆಯೇ?

ನಾಗೇಶನನ್ನು ಕರೆಸಿದರು.

"ನೀನೇ ಒಡೆಸಿದ್ದಾ?"

"ನಂಗೆ ತಲೆ ಕೆಟ್ಟಿದ್ಯಾ ಸಾರ್? ಶಾಲೆ, ಚರ್ಚಿಂದ ನೂರು ಮೀಟರ್ ಒಳಗೆ ವೈನ್ ಶಾಪ್ ಇರೋ ಹಾಗಿಲ್ಲ. ಅಳೆಯೋದು ಜನ ನಡೆಯೋ ದಾರೀಲಿ, ಬಾಗಿಲಿಂದ ಬಾಗಿಲಿಗೆ. ಶಾಲೆ ಗೇಟು ಮುಂದಿನ ರಸ್ತೆಗುಂಟು, ಸುತ್ತಿ ಬಂದ್ರೆ ಇನ್ನೂರು ದಾಟತ್ತೆ. ಅದ್ಕೇ ಲೈಸೆನ್ಸ್ ಸಿಕ್ಕಿದ್ದು. ಇಲ್ಲೊಂದು ಬಾಗಿಲಾದ್ರೆ ನನ್ನ ಅಂಗಡಿಗೆ ಬೀಗವೇ!"

ಹಾಗಾದರೆ ಆ ಬೀಗ ಬೇಕಾದದ್ದು ಯಾರಿಗೆ? ಬಸವರಾಜಪ್ಪ ಮತ್ತೆ ಪ್ರೇಮಕುಮಾರಿಯವರ ಹತ್ತಿರ ಹೋದರು. ಹಿಂದುಗಡೆ ಗೇಟು ಬೇಕೆಂದು ಯಾರಾದರೂ ಕೇಳಿದ್ದರೇ ಎಂದಾಗ ಅವರ ಮುಖ ಸಪ್ಪಗಾಯಿತು.

"ಎಸ್ಟೇಟ್ ಲೈನಿನ ಸಿದ್ದಮ್ಮ ಬಂದಿದ್ಲು ಸಾರ್. ಕಾಲಿಗೇ ಬಿದ್ಲು. ಮಕ್ಕಳು ಆ ಅಂಗಡಿ ಕಡೆ ಸುಳೀಬಾರ್ದು ಅಂತಾನೇ ಗೋಡೆ ಕಟ್ಸಿದ್ದು, ಆಗಲ್ಲ ಅಂದುಬಿಟ್ಟೆ."

ಎಸ್ಟೇಟ್ ಕೂಲಿಯವರ ಲೈನ್ ಮನೆಗಳು ಶಾಲೆಯ ಮುಂದಿನ ರಸ್ತೆಗೆ ಎದುರಾಗಿದ್ದವು. ಮಧ್ಯಾಹ್ನ ಎರಡಕ್ಕೆ ಮಹಿಳಾ ಕಾನ್‌ಸ್ಟೆಬಲ್ ಅರುಣಾ ಜೊತೆ ಬಸವರಾಜಪ್ಪ ಹೋದಾಗ ಸಿದ್ದಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಅಂಗೈ ತುಂಬ ಬೊಬ್ಬೆ.

"ಗೋಡೆ ಕೆಡವಿದ್ದು ನೀನಾ?"

"ಹೌದು ಸ್ವಾಮಿ."

"ಒಬ್ಳೇ?"

"ಹಾರೆ ಇತ್ತಲ್ಲ."

"ಯಾಕಮ್ಮ?"

"ನನ್ನ ಮಗ ಅನಿಲ. ಲಿವರ್ ಹೋಗ್ಯದೆ, ಇನ್ನು ಕುಡಿದ್ರೆ ಉಳಿಯಲ್ಲ ಅಂದ್ರು ಮೂಡಿಗೆರೆ ಡಾಕ್ಟ್ರು. ಬಟವಾಡೆ ಆದ ಕೂಡ್ಲೆ ಅಲ್ಲಿಗೇ ಓಡ್ತಾನೆ. ಅಬ್ಕಾರಿ ಆಫೀಸಿಗೆ ಹೋಗಿ ಅಂಗಡಿ ಮುಚ್ಸಿ ಅಂತ ಅತ್ತೆ. ನಡೆಯೋ ದಾರಿ ನೂರು ಮೀಟರಿಗಿಂತ ಕಡಿಮೆ ಇದ್ದಿದ್ರೆ ನೋಡಬಹುದಿತ್ತು ಅಂದ್ರು."

ಆಫೀಸಿನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು; ಇವಳು ಆ ದೀಪವನ್ನೇ ನಂಬಿ ಗೋಡೆ ಕೆಡವಿದ್ದಳು.

"ಉಣುಗೋಲು ಯಾಕೆ ಹಾಕಿದೆ?"

"ಬರೀ ಗೋಡೆ ಬಿದ್ರೆ ತೂತು ಅಂತಾರೆ, ದಾರಿ ಅನ್ನಲ್ಲ. ಈಗ ಅಳೀರಿ ಸ್ವಾಮಿ. ನನ್ನ ಎಲ್ಲಿಗಾದ್ರೂ ಕರ್ಕಂಡು ಹೋಗಿ, ಮೊದ್ಲು ಅಳೀರಿ."

ಕದ್ದು ತೆಗೆದ ದಾರಿ ಕಾನೂನಿಗೆ ದಾರಿಯಲ್ಲ, ಈ ವಾರದಲ್ಲೇ ಶಾಲೆಯವರು ಗೋಡೆ ಮುಚ್ಚುತ್ತಾರೆ ಎಂದು ಹೇಳಬೇಕೆಂದಿದ್ದ ಬಸವರಾಜಪ್ಪ ಅದರ ಬದಲು ಅರುಣಾಗೆ ಸನ್ನೆ ಮಾಡಿದರು. ಅರುಣಾ ದಸ್ತಗಿರಿಯ ವಿಷಯ ತಿಳಿಸಿ ಸಿದ್ದಮ್ಮನನ್ನು ಜೀಪಿಗೆ ಹತ್ತಿಸಿದಳು. ಮಗ ಬೆಳಿಗ್ಗೆಯಿಂದ ಮನೆಯಲ್ಲಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

ಮೂರೂವರೆಗೆ ಶಾಲೆಯ ಹಿಂದೆ ಇಬ್ಬರು ಪಂಚರ ಎದುರು ಸಿದ್ದಮ್ಮ ಗೋಡೆ ತೋರಿಸಿದಳು. ದಾಸಯ್ಯ ಪಂಚನಾಮೆ ಬರೆಯುತ್ತಿದ್ದರು. ಅವಳ ಮನೆಯಲ್ಲಿ ಸೀಮೆಎಣ್ಣೆ ಡಬ್ಬಿಯ ಹಿಂದೆ ಅಡಗಿಸಿದ್ದ ಹಾರೆಯೂ ಜಪ್ತಿಯಾಗಿತ್ತು. ಅಷ್ಟರಲ್ಲಿ ವೈನ್ ಶಾಪ್ ಕಡೆಯಿಂದ ಒಬ್ಬ ತೂರಾಡುತ್ತ ಬಂದ. ಮುಖ ಅರಿಸಿನದಂತೆ ಹಳದಿ, ಹೊಟ್ಟೆ ಉಬ್ಬಿತ್ತು. ಗಳ ಒಂದೊಂದಾಗಿ ಸರಿಸಿ ಒಳಗೆ ಬಂದ. ನಿಲ್ಲಲು ಆಗದಿದ್ದರೂ ತಿರುಗಿ, ಕಂಬ ಹಿಡಿದುಕೊಂಡು, ಮೂರೂ ಗಳಗಳನ್ನು ಮತ್ತೆ ತೂತಿಗೆ ಸೇರಿಸಿದ. ಆಮೇಲೆ ತಾಯಿಯನ್ನು ಕಂಡ.

"ಅವ್ವ, ನೀನೂ ಇಲ್ಲೇ ಬಂದ್ಯಾ? ಬಾ, ಮನೆಗೆ ಹೋಗಣ. ಯಾರೋ ಪುಣ್ಯಾತ್ಮರು ದಾರಿ ಮಾಡಿದಾರೆ. ಈಗ ಎಷ್ಟು ಹತ್ರ ಆಗ್ಯದೆ ನೋಡು!"

ಸಿದ್ದಮ್ಮ ಕುಸಿದು ಕೂತಳು. ಬೊಬ್ಬೆಯೆದ್ದ ಕೈಯಿಂದ ಎದೆ ಎದೆ ಬಡಿದುಕೊಂಡಳು. ದಾಸಯ್ಯನವರ ಪೆನ್ನು ನಿಂತಿತು.

ಅವಳು ಉಣುಗೋಲಿನ ಕಡೆ ನೋಡಿ ಮೆಲ್ಲಗೆ ಹೇಳಿದಳು. "ದಾಟಿದ ಮೇಲೆ ಗಳ ಹಾಕಿ ಬಾ ಮಗಾ ಅಂತ ಕಲ್ಸಿದ್ದೂ ನಾನೇ ಸ್ವಾಮಿ. ಅದೊಂದು ಮಾತ್ರ ಮರ್ತಿಲ್ಲ ಅವ್ನು."